ನಲ್ಲಿ ಇಲ್ಲದ ಕೋಣೆಯಲ್ಲಿ ಅರವತ್ತು ಚಿತ್ರ

(ಹಾಸ್ಟೆಲ್ ವಿದ್ಯಾರ್ಥಿಗಳ ಭಾನುವಾರದ ಸಭೆಯಲ್ಲಿ ಆಡಿದ ಮಾತು. ಮಾತಿನ ಧಾಟಿಯನ್ನು ಹಾಗೇ ಉಳಿಸಿದೆ.)



ನನ್ನನ್ನು ಇಲ್ಲಿಗೆ ಕರೆದದ್ದು ಪದ್ಯ ಓದೋದಕ್ಕೆ. ಪದ್ಯ ಎಲ್ಲಿಗೂ ಓಡಿಹೋಗಲ್ಲ, ಆಮೇಲೆ ಓದ್ತೀನಿ. ಅದಕ್ಕೆ ಮೊದಲು ಚಿತ್ರ ಬರೆಯುವವರ ವಿಷಯ ಒಂದಿಷ್ಟು ಮಾತಾಡಬೇಕು. ಈ ಹಾಸ್ಟೆಲಿನಲ್ಲಿ ಕೈ ಚೆನ್ನಾಗಿರುವ ಹುಡುಗರು ನಾಲ್ಕೈದು ಜನ ಇದ್ದಾರೆ. ಮೆರವಣಿಗೆ ಬಂದಾಗ ನಮಗೆ ಅವರ ನೆನಪಾಗುತ್ತದೆ. ಬಟ್ಟೆ ಕೊಟ್ಟು, ಬಣ್ಣದ ಡಬ್ಬಿ ಕೊಟ್ಟು, ‘ಬೆಳಗಾಗೋದರೊಳಗೆ ಹತ್ತು ಬ್ಯಾನರ್ ಬರೆದುಕೊಡ್ರಪ್ಪ’ ಅಂತೀವಿ. ಬರೆದುಕೊಡ್ತಾರೆ. ಮೆರವಣಿಗೆ ಮುಗಿದ ಮೇಲೆ ಅವರು ಏನು ಬರೀತಾರೆ, ಎಲ್ಲಿ ಕೂತು ಬರೀತಾರೆ ಅಂತ ಕೇಳಿದವರು ಯಾರು? ಅವರಲ್ಲಿ ಒಬ್ಬ ಯಾವುದೋ ಪ್ರದರ್ಶನಕ್ಕೆ ಎರಡು ಚಿತ್ರ ಕಳಿಸಿದ್ದನಂತೆ. ಎರಡೂ ವಾಪಸು ಬಂದವು. ಯಾಕೆ ಬೇಡ ಅಂತ ಒಂದು ಸಾಲು ಬರಹವೂ ಇಲ್ಲ. ಅವತ್ತಿನಿಂದ ಬ್ರಷ್ಷು ಟ್ರಂಕಿನ ತಳ ಸೇರಿದೆ. ಹೆಸರು ಹೇಳಲ್ಲ, ಅವನು ಇಲ್ಲೇ ಕೂತಿದ್ದಾನೆ. ತಲೆ ತಗ್ಗಿಸುವಂಥದ್ದೇನೂ ಆಗಿಲ್ಲ ತಮ್ಮ.

ಸ್ಟುಡಿಯೋ ಅಂದ ಕೂಡಲೆ ನಮಗೆ ನೆನಪಾಗೋದು ಬಸ್‌ಸ್ಟ್ಯಾಂಡ್ ಎದುರಿನ ಫೋಟೋ ಸ್ಟುಡಿಯೋ. ಸ್ಕಾಲರ್‌ಷಿಪ್ ಅರ್ಜಿಗೆ ಅಂಟಿಸೋ ಫೋಟೋಕ್ಕಾಗಿ ಅಲ್ಲಿ ಹೋಗಿ ಬೇರೆಯವರ ಕೋಟು ಹಾಕಿಕೊಂಡು ಕೂತವರು ನಾವು. ಚಿತ್ರ ಬರೆಯುವವನ ಸ್ಟುಡಿಯೋ ಅಂದರೆ ಅದಲ್ಲ. ಅದು ಒಂದು ಕೋಣೆ. ರಾತ್ರಿ ಬಿಟ್ಟುಹೋದ ಕೆಲಸ ಬೆಳಿಗ್ಗೆ ಬಂದಾಗ ಬಿಟ್ಟ ಹಾಗೇ ಇರುವಂಥ ಕೋಣೆ. ಅಷ್ಟೇ ಅದರ ಗುಟ್ಟು. ನಮ್ಮ ಹಟ್ಟಿಯ ಮನೆಯಲ್ಲಿ ಅಂಥ ಜಾಗ ಎಲ್ಲಿದೆ? ಬಣ್ಣ ಒಣಗಬೇಕಾದ ಜಾಗದಲ್ಲಿ ರಾತ್ರಿ ನಾಲ್ಕು ಜನ ಮಲಗಬೇಕು. ಪ್ರತಿಭೆ ಇಲ್ಲ, ಪ್ರತಿಭೆ ಇಲ್ಲ ಅಂತ ನಮಗೆ ಹೇಳುವವರು ಮೊದಲು ಈ ಜಾಗದ ಲೆಕ್ಕ ಹೇಳಬೇಕು.

ಚಿತ್ರಕಲೆ ಓದುವ ಹುಡುಗರನ್ನು ಕೇಳಿದರೆ ತಿರಸ್ಕಾರದ ಒಂದು ಕಥೆ ತಪ್ಪದೆ ಹೇಳ್ತಾರೆ. 1863ರಲ್ಲಿ ಪ್ಯಾರಿಸ್ಸಿನ ಸರ್ಕಾರಿ ಪ್ರದರ್ಶನದ ತೀರ್ಪುಗಾರರು ಸಾವಿರಾರು ಚಿತ್ರಗಳನ್ನು ಬೇಡವೆಂದು ತಳ್ಳಿದರು. ಗಲಾಟೆಯಾಯಿತು. ಚಕ್ರವರ್ತಿ ಮೂರನೇ ನೆಪೋಲಿಯನ್, ತಳ್ಳಿಸಿಕೊಂಡವರ ಚಿತ್ರಗಳನ್ನೂ ಬೇರೆ ಕಡೆ ತೂಗುಹಾಕಿ, ಜನರೇ ನೋಡಿ ತೀರ್ಮಾನ ಮಾಡಲಿ ಅಂದ. ಜನ ಬಂದರು, ನಕ್ಕರು. ಅವರು ನಕ್ಕ ಚಿತ್ರಗಳಲ್ಲಿ ಮಾನೆ ಅನ್ನುವವನದೂ ಇತ್ತು, ಸೆಜಾನ್ ಅನ್ನುವವನದೂ ಇತ್ತು. ಇವತ್ತು ಅವರಿಬ್ಬರೂ ಲೋಕಪ್ರಸಿದ್ಧರು. ಆದ್ದರಿಂದ ತಿರಸ್ಕಾರಕ್ಕೆ ಹೆದರಬೇಡಿ, ಕಾಲವೇ ನ್ಯಾಯ ಕೊಡುತ್ತದೆ. ಇದು ಕಥೆ.

ಕಥೆ ಚೆನ್ನಾಗಿದೆ. ಆದರೆ ಮಾನೆಯ ಅಪ್ಪ ನ್ಯಾಯಾಧೀಶನಾಗಿದ್ದವನು, ಸೆಜಾನನ ಅಪ್ಪ ಬ್ಯಾಂಕಿನ ಒಡೆಯ. ತಿರಸ್ಕಾರವಾದ ದಿನ ರಾತ್ರಿ ಅವರಿಗೆ ಊಟ ಇತ್ತು. ಮರುದಿನವೂ ಇತ್ತು. ಕಾಲ ನ್ಯಾಯ ಕೊಡುವ ತನಕ ಕಾಯೋದಕ್ಕೆ ಮನೆಯಲ್ಲಿ ಜೋಳಿಗೆ ತುಂಬ ಇರಬೇಕಲ್ಲ. ಅವರ ಚಿತ್ರ ದೊಡ್ಡದು, ಅದರ ಬಗ್ಗೆ ನನಗೆ ತಕರಾರಿಲ್ಲ. ಅವರನ್ನು ತಳ್ಳಿದ್ದು ಅವರು ಬರೆದ ರೀತಿಗಾಗಿ. ಹುಟ್ಟಿಗಾಗಿ ತಳ್ಳಿಸಿಕೊಂಡವರ ಕಥೆ ಬೇರೆ. ಅದನ್ನು ಹೇಳೋದಕ್ಕೆ ನಾನು ಇವತ್ತು ಅಮೆರಿಕಕ್ಕೆ ಹೋಗಬೇಕು, ನ್ಯೂಯಾರ್ಕ್ ನಗರದ ಹಾರ್ಲೆಂ ಅನ್ನುವ ಕಪ್ಪು ಜನರ ಕೇರಿಗೆ. ದೂರದ ಊರು ಅನ್ಕೋಬೇಡಿ. ಬಾಬಾಸಾಹೇಬರು 1913ರಿಂದ 1916ರವರೆಗೆ ಓದಿದ ಕೊಲಂಬಿಯಾ ವಿಶ್ವವಿದ್ಯಾಲಯ ಹಾರ್ಲೆಂಗೆ ಅಂಟಿಕೊಂಡ ಹಾಗೇ ಇದೆ.

ಅಗಸ್ಟಾ ಸ್ಯಾವೇಜ್. ಹುಟ್ಟಿದ್ದು 1892ರಲ್ಲಿ, ದಕ್ಷಿಣದ ಫ್ಲಾರಿಡಾದಲ್ಲಿ. ಹದಿನಾಲ್ಕು ಮಕ್ಕಳ ಮನೆ. ಆ ಊರಿನ ಮಣ್ಣು ಕೆಂಪು, ಜಿಗುಟು. ಮಗು ಆ ಮಣ್ಣಿನಲ್ಲಿ ಬಾತುಕೋಳಿ ಮಾಡೋದು, ಹಂದಿ ಮಾಡೋದು. ಅಪ್ಪ ಕ್ರೈಸ್ತ ಉಪದೇಶಿ. ಗೊಂಬೆ ಮಾಡೋದು ವಿಗ್ರಹಾರಾಧನೆ, ಪಾಪ ಅಂತ ಹೊಡೆಯೋನು. ಹೊಡೆತ ತಿಂದುಕೊಂಡೇ ಮಾಡಿದಳು. ಆಕೆ ಬಣ್ಣದವಳಲ್ಲ, ಮಣ್ಣಿನವಳು, ಶಿಲ್ಪಿ. ಆದರೂ ಇವತ್ತಿನ ಕಥೆ ಆಕೆಯಿಂದಲೇ ಶುರುವಾಗಬೇಕು. 1921ರಲ್ಲಿ ಕೈಯಲ್ಲಿ ಐದು ಡಾಲರ್ ಕೂಡ ಇಲ್ಲದೆ ನ್ಯೂಯಾರ್ಕಿಗೆ ಬಂದಳು. ಕೂಪರ್ ಯೂನಿಯನ್ ಅನ್ನುವ, ಫೀಸಿಲ್ಲದ ಕಲಾಶಾಲೆಗೆ ಸೇರಿದಳು. ನಾಲ್ಕು ವರ್ಷದ ಓದನ್ನು ಮೂರು ವರ್ಷಕ್ಕೆ ಮುಗಿಸಿದಳು. ಹೊಟ್ಟೆಗೆ ಬಟ್ಟೆ ಒಗೆಯುವ ಲಾಂಡ್ರಿಗಳಲ್ಲಿ ದುಡಿತ.

1923ರಲ್ಲಿ ಒಂದು ಅವಕಾಶ ಬಂತು. ಫ್ರಾನ್ಸಿನ ಫೊಂತೆನ್‌ಬ್ಲೋ ಅನ್ನುವ ಊರಿನಲ್ಲಿ ಬೇಸಿಗೆ ಕಲಾಶಾಲೆ. ಅಮೆರಿಕದಿಂದ ನೂರು ಹೆಣ್ಣುಮಕ್ಕಳನ್ನು ಆರಿಸಿ ಕಳಿಸೋದು. ಆಕೆ ಅರ್ಜಿ ಹಾಕಿದಳು. ಆರಿಸುವ ಸಮಿತಿಯವರಿಗೆ ಈಕೆ ಕಪ್ಪು ಹೆಂಗಸು ಅಂತ ಗೊತ್ತಾಯಿತು. ಅರ್ಜಿ ತಳ್ಳಿಹೋಯಿತು. ಕಾರಣ? ದಕ್ಷಿಣದ ಬಿಳಿ ಹುಡುಗಿಯರೂ ಆ ತಂಡದಲ್ಲಿದ್ದರು. ಒಂದೇ ಹಡಗಿನಲ್ಲಿ ಹೋಗಬೇಕು, ಒಂದೇ ಕಡೆ ಇರಬೇಕು, ಅವರಿಗೆ ಮುಜುಗರವಾಗುತ್ತದೆ. ಈ ‘ಮುಜುಗರ’ ಅನ್ನುವ ಮಾತನ್ನು ನಿಮಗೆ ನಾನು ಬಿಡಿಸಿ ಹೇಳಬೇಕಾ? ಹೋಟೆಲಿನ ಹೊರಗಿನ ಲೋಟಕ್ಕೂ ಅದೇ ಹೆಸರು. ಯಾರೂ ‘ನೀನು ಕೀಳು’ ಅನ್ನಲ್ಲ. ‘ನಮಗೇನಿಲ್ಲ, ಆದರೆ ಉಳಿದವರಿಗೆ ಮುಜುಗರ’ ಅಂತಾರೆ. ಆ ಉಳಿದವರು ಯಾರು ಅಂತ ಹುಡುಕ್ತಾ ಹೋದರೆ ಯಾವತ್ತೂ ಸಿಗಲ್ಲ.

ಆಕೆ ಸುಮ್ಮನೆ ಅಳುತ್ತಾ ಕೂರಲಿಲ್ಲ. ಕಾರಣ ಕೇಳಿದಳು. ಪತ್ರಿಕೆಗಳಿಗೆ ಬರೆದಳು. ತನ್ನೊಬ್ಬಳ ಸಂಗತಿಯಾಗಿದ್ದರೆ ಹೇಗೋ ಆಗುತ್ತಿತ್ತು, ಮುಂದೆ ಅರ್ಜಿ ಹಾಕುವ ಕಪ್ಪು ಮಕ್ಕಳ ಗತಿ ಏನು ಅನ್ನುವ ಅರ್ಥದ ಮಾತು ಆಕೆ ಬರೆದದ್ದರಲ್ಲಿದೆ. ಕಪ್ಪು ಜನರ ಚಿಂತಕ ಡು ಬಾಯ್ಸ್ ಆಕೆಯ ಪರವಾಗಿ ನಿಂತರು. (ಇದೇ ಡು ಬಾಯ್ಸ್ ಅವರಿಗೆ ಬಾಬಾಸಾಹೇಬರು 1946ರಲ್ಲಿ ಕಾಗದ ಬರೆದಿದ್ದರು. ಅಮೆರಿಕದ ಕಪ್ಪು ಜನ ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಬೇಕು ಅಂತ.) ಇಷ್ಟಾದರೂ ಸಮಿತಿ ತನ್ನ ತೀರ್ಮಾನ ಬದಲಿಸಲಿಲ್ಲ. ಅದರ ಒಬ್ಬ ಸದಸ್ಯ, ಹರ್ಮನ್ ಮ್ಯಾಕ್‌ನೀಲ್ ಅನ್ನುವ ಶಿಲ್ಪಿ ಮಾತ್ರ, ನನ್ನ ಹತ್ತಿರವೇ ಬಂದು ಕಲಿ ಅಂತ ಕರೆದ. ಆಕೆ ಹೋಗಿ ಕಲಿತಳು. ಸಮಿತಿಯ ಮೇಲಿನ ಸಿಟ್ಟಿಗೆ ಕಲಿಯುವುದನ್ನು ಬಿಡಲಿಲ್ಲ, ಇದು ನನಗೆ ಮುಖ್ಯ ಅನ್ನಿಸುತ್ತದೆ.

ಮುಂದಿನದು ಇನ್ನೂ ಕೇಳಿ. 1925ರಲ್ಲಿ ರೋಮಿನ ಕಲಾ ಅಕಾಡೆಮಿಯಲ್ಲಿ ಆಕೆಗೆ ಸೀಟು ಸಿಕ್ಕಿತು. ಫೀಸು ಮಾಫಿ. ಆದರೆ ಹಡಗಿನ ಚಾರ್ಜು ಯಾರು ಕೊಡ್ತಾರೆ? ಅಲ್ಲಿ ಊಟಕ್ಕೆ, ಇರೋದಕ್ಕೆ? ಹೊಂದಿಸೋಕೆ ಆಗಲಿಲ್ಲ, ಹೋಗಲಿಲ್ಲ. ಇದಕ್ಕೆ ತಿರಸ್ಕಾರ ಅಂತ ಯಾರೂ ಹೆಸರಿಡಲ್ಲ. ಬಾಗಿಲು ತೆರೆದೇ ಇತ್ತು, ಆಕೆಯೇ ಬರಲಿಲ್ಲ ಅಂತ ದಫ್ತರದಲ್ಲಿ ಬರ್ಕೋತಾರೆ. ಕೌನ್ಸೆಲಿಂಗಿನಲ್ಲಿ ಸೀಟು ಸಿಕ್ಕಿ, ಡಿಪಾಸಿಟ್ಟಿಗೆ ದುಡ್ಡಿಲ್ಲದೆ ಊರಿಗೆ ವಾಪಸು ಬಂದ ಹುಡುಗಿಯರು ನಮ್ಮ ಕೇರಿಗಳಲ್ಲಿ ಎಷ್ಟು ಜನ ಇಲ್ಲ?

ಕೊನೆಗೆ 1929ರಲ್ಲಿ ಹಾರ್ಲೆಂ ಬೀದಿಯ ಹುಡುಗನೊಬ್ಬನ ತಲೆ ಮಾಡಿದಳು. ಓರೆ ಟೋಪಿ, ಸುಕ್ಕಾದ ಅಂಗಿ, ಎಲ್ಲ ಕಂಡವನ ಕಣ್ಣು. ಪ್ಲಾಸ್ಟರಿನಲ್ಲಿ ಮಾಡಿ ಕಂಚಿನ ಹಾಗೆ ಬಣ್ಣ ಹಚ್ಚಿದ್ದು. ಅದನ್ನು ನೋಡಿ ರೋಸನ್‌ವಾಲ್ಡ್ ನಿಧಿಯವರು ಫೆಲೋಷಿಪ್ ಕೊಟ್ಟರು. ಪ್ಯಾರಿಸ್ಸಿಗೆ ಹೋಗಿ ಕಲಿತಳು. ವಾಪಸು ಬಂದು 1932ರಲ್ಲಿ ಹಾರ್ಲೆಂನಲ್ಲೇ ಒಂದು ಸ್ಟುಡಿಯೋ ತೆರೆದಳು. ಅದು ಒಬ್ಬಳೇ ಕೂತು ಕೆಲಸ ಮಾಡುವ ಕೋಣೆಯಾಗಲಿಲ್ಲ. ಬೀದಿಯ ಮಕ್ಕಳಿಗೆ, ಕೆಲಸವಿಲ್ಲದ ಹುಡುಗರಿಗೆ ಅಲ್ಲಿ ಪಾಠ. ಆಗ ದೊಡ್ಡ ಆರ್ಥಿಕ ಕುಸಿತದ ಕಾಲ. ಬ್ರೆಡ್ಡಿಗೆ ಕ್ಯೂ ನಿಂತ ಜನರ ಮಕ್ಕಳಿಗೆ ಮಣ್ಣು ಕೊಟ್ಟು, ಕುಂಚ ಕೊಟ್ಟು ಕೂರಿಸುವುದು ಹುಚ್ಚು ಅಂತ ಆಡಿಕೊಂಡವರೂ ಇದ್ದಿರಬೇಕು. ಎಲ್ಲ ಕಾಲದಲ್ಲೂ ಇರ್ತಾರೆ ಅವರು.

ಈಗ ಹುಡುಗನ ಕಥೆಗೆ ಬರ್ತೀನಿ. ಜೇಕಬ್ ಲಾರೆನ್ಸ್, ಹುಟ್ಟಿದ್ದು 1917. ಅಪ್ಪ ಅಮ್ಮ ಇಬ್ಬರೂ ದಕ್ಷಿಣದಿಂದ ಗುಳೆ ಬಂದವರು. ಅಪ್ಪ ಮನೆ ಬಿಟ್ಟ. ಅಮ್ಮ ಕೆಲಸ ಹುಡುಕಿಕೊಂಡು ನ್ಯೂಯಾರ್ಕಿಗೆ ಹೋದಳು. ಮಕ್ಕಳು ಕೆಲವು ಕಾಲ ಬೇರೆಯವರ ಮನೆಯಲ್ಲಿ ಬೆಳೆದರು. ಹದಿಮೂರನೇ ವಯಸ್ಸಿಗೆ ಹುಡುಗ ಹಾರ್ಲೆಂಗೆ ಬಂದ. ಅಮ್ಮ ಕಂಡವರ ಮನೆ ಕೆಲಸಕ್ಕೆ ಹೋಗೋಳು. ಹುಡುಗ ಬೀದಿ ಪಾಲಾಗಬಾರದು ಅಂತ, ಸ್ಕೂಲು ಬಿಟ್ಟ ಮೇಲೆ ಮಕ್ಕಳನ್ನು ನೋಡಿಕೊಳ್ಳುವ ಒಂದು ಮನೆಗೆ ಸೇರಿಸಿದಳು. ಅಲ್ಲಿ ಚಾರ್ಲ್ಸ್ ಆಲ್‌ಸ್ಟನ್ ಅನ್ನುವ ಚಿತ್ರಕಾರ ಪಾಠ ಹೇಳ್ತಿದ್ದ. ಹುಡುಗ ಮೊದಲು ಬರೆದದ್ದು ಏನು ಗೊತ್ತಾ? ಮನೆಯಲ್ಲಿ ಅಮ್ಮ ಹಾಸಿದ್ದ ಅಗ್ಗದ ಬಣ್ಣಬಣ್ಣದ ಜಮಖಾನದ ನಮೂನೆ. ಬಡವರ ಮನೆಗೆ ಬಣ್ಣ ಬೇಕೇ ಬೇಕು. ನಮ್ಮ ಅವ್ವಂದಿರ ಕೌದಿ ನೋಡಿಲ್ವೇ ನೀವು?

ಹದಿನಾರಕ್ಕೆ ಸ್ಕೂಲು ಬಿಟ್ಟ. ಲಾಂಡ್ರಿಯಲ್ಲಿ ದುಡಿದ, ಪ್ರೆಸ್ಸಿನಲ್ಲಿ ದುಡಿದ. ಸಂಜೆ ಆದರೆ ಮತ್ತೆ ಬಣ್ಣ. ಆಗ ರೂಸ್‌ವೆಲ್ಟ್ ಸರ್ಕಾರದ ಒಂದು ಯೋಜನೆ ಇತ್ತು. ನಿರುದ್ಯೋಗಿಗಳಿಗೆ ಕೆಲಸ ಕೊಡುವಾಗ ಚಿತ್ರಕಾರರಿಗೂ ವಾರದ ಸಂಬಳ ಕೊಟ್ಟು ಚಿತ್ರ ಬರೆಸೋದು. ಅಗಸ್ಟಾ ಸ್ಯಾವೇಜ್ ಈ ಹುಡುಗನ ಕೆಲಸ ನೋಡಿದ್ದಳು. 1937ರಲ್ಲಿ ಅವನನ್ನು ತಾನೇ ಆ ಆಫೀಸಿಗೆ ಕರೆದುಕೊಂಡು ಹೋದಳು. ಅವರು ವಯಸ್ಸು ಕೇಳಿದರು. ಇಪ್ಪತ್ತೊಂದು ಆಗಿರಬೇಕು, ಆಗಿಲ್ಲ, ನಡಿ ಅಂದರು.

ಹುಡುಗ ವಾಪಸು ಬಂದ. ಕೂಲಿನಾಲಿ ಮಾಡಿಕೊಂಡ. ಮತ್ತೆ ಹೋಗಬೇಕು ಅಂತ ಅವನಿಗೆ ತೋಚಲೇ ಇಲ್ಲ. ಒಮ್ಮೆ ಇಲ್ಲ ಅಂದರೆ ಇಲ್ಲ, ಬಡವರ ಮಕ್ಕಳಿಗೆ ಆ ಪಾಠ ಬೇಗ ಬರುತ್ತದೆ. ಒಂದು ವರ್ಷವಾಯಿತು, ಅವನು ಮರೆತೇಬಿಟ್ಟಿದ್ದ. ಆಕೆ ಮರೆತಿರಲಿಲ್ಲ. ಇಪ್ಪತ್ತೊಂದು ತುಂಬಿತು ನೋಡು, ಬಾ ಅಂತ ಮತ್ತೆ ಕರೆದುಕೊಂಡು ಹೋಗಿ ಕೆಲಸಕ್ಕೆ ಸೇರಿಸಿದಳು. ಸುಮಾರು ಒಂದೂವರೆ ವರ್ಷ, ಅವನ ಜೀವನದಲ್ಲಿ ಮೊದಲ ಸಲ, ಚಿತ್ರ ಬರೆದದ್ದಕ್ಕೆ ವಾರ ವಾರ ಸಂಬಳ. ಅದು ಆಗದಿದ್ದರೆ ತಾನು ಚಿತ್ರಕಾರನಾಗುತ್ತಲೇ ಇರಲಿಲ್ಲ ಅಂತ ಲಾರೆನ್ಸ್ ಮುಂದೆ ಹೇಳಿಕೊಂಡಿದ್ದಾನೆ.

ಈ ಎರಡು ‘ಇಲ್ಲ’ಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಆಕೆಗೆ 1923ರಲ್ಲಿ ಸಿಕ್ಕಿದ್ದು ಒಂದು, ಅವನಿಗೆ 1937ರಲ್ಲಿ ಸಿಕ್ಕಿದ್ದು ಇನ್ನೊಂದು. ವಯಸ್ಸು ತುಂಬಿಲ್ಲ ಅನ್ನೋದು ಒಂದು ವರ್ಷ ಕಳೆದರೆ ಸರಿಹೋಗುವ ‘ಇಲ್ಲ’. ಚಿತ್ರ ಇನ್ನೂ ಪಳಗಿಲ್ಲ ಅನ್ನೋದು ಇನ್ನೊಂದಷ್ಟು ಬರೆದರೆ ಸರಿಹೋಗುವ ‘ಇಲ್ಲ’. ಹುಟ್ಟಿನ ‘ಇಲ್ಲ’ ಎಷ್ಟು ವರ್ಷ ಕಾದರೂ, ಎಷ್ಟು ಬರೆದರೂ ಹಾಗೇ ನಿಂತಿರುತ್ತದೆ, ಅದರ ಮೇಲೆ ಜಗಳವೇ ಆಡಬೇಕು. ತೊಂದರೆ ಏನೆಂದರೆ ಮೂರೂ ಒಂದೇ ಲಕೋಟೆಯಲ್ಲಿ ಬರ್ತವೆ. ‘ವಿಷಾದಪೂರ್ವಕ ಹಿಂತಿರುಗಿಸಿದೆ.’ ಒಂದು ಪತ್ರಿಕೆ ನನ್ನ ಪದ್ಯಗಳನ್ನು ‘ಭಾಷೆ ಒರಟು’ ಅಂತ ವಾಪಸು ಕಳಿಸಿತು. ಒರಟು ಅಂದರೆ ಲಯ ತಪ್ಪಿದೆ ಅಂತಲೋ, ಅವ್ವನ ಮಾತು ಇದೆ ಅಂತಲೋ? ಕೇಳಿ ಕಾಗದ ಬರೆದೆ. ಉತ್ತರ ಬಂದಿಲ್ಲ. ಆದರೂ ಕೇಳಬೇಕು, ಬರಹದಲ್ಲಿ ಕೇಳಬೇಕು. ವಾಪಸು ಬಂದದ್ದೆಲ್ಲ ಜಾತಿಯಿಂದಲೇ ಬಂತು ಅನ್ನುವ ಗೆಳೆಯರು ನಮ್ಮಲ್ಲಿದ್ದಾರೆ, ವಾಪಸು ಬಂದದ್ದೆಲ್ಲ ನನ್ನ ಅಯೋಗ್ಯತೆಯಿಂದಲೇ ಅಂದುಕೊಂಡು ಟ್ರಂಕು ಮುಚ್ಚುವವರೂ ಇದ್ದಾರೆ. ಎರಡನೆಯವರ ಸಂಖ್ಯೆ ಬಹಳ ಜಾಸ್ತಿ. ಸುದ್ದಿಯಾಗೋದಿಲ್ಲ, ಅಷ್ಟೇ.

ಹೋಗಲಿ, ಕೆಲಸದ ವಿಷಯಕ್ಕೆ ಬರೋಣ. ಚಿತ್ರಕಾರನ ದಿನ ಹೇಗಿರುತ್ತದೆ ಅನ್ನೋದು ನನಗೆ ಬಹಳ ಕುತೂಹಲ.

1940ರಲ್ಲಿ ಲಾರೆನ್ಸನಿಗೆ ಅದೇ ರೋಸನ್‌ವಾಲ್ಡ್ ನಿಧಿಯಿಂದ 1500 ಡಾಲರ್ ಫೆಲೋಷಿಪ್ ಬಂತು. ದೊಡ್ಡ ವ್ಯಾಪಾರಿಯೊಬ್ಬನ ಹೆಸರಿನ ನಿಧಿ. ಸಾಹುಕಾರನ ದುಡ್ಡು ಮುಟ್ಟಬಹುದೋ ಬಾರದೋ ಅಂತ ಹೊಟ್ಟೆ ತುಂಬಿದವರು ಚರ್ಚೆ ಮಾಡಲಿ. ನಮ್ಮ ಸ್ಕಾಲರ್‌ಷಿಪ್ಪನ್ನೂ ಭಿಕ್ಷೆ ಅನ್ನುವ ನಾಲಿಗೆಗಳಿವೆ. ಅವನು ಆ ದುಡ್ಡಿನಲ್ಲಿ ಏನು ಮಾಡಿದ? ಮೊದಲು ಜಾಗ ಹಿಡಿದ. ಹಾರ್ಲೆಂನ 125ನೇ ಬೀದಿಯಲ್ಲಿ ಒಂದು ದೊಡ್ಡ ಕೋಣೆ, ತಿಂಗಳಿಗೆ ಎಂಟು ಡಾಲರ್ ಬಾಡಿಗೆ. ಅಷ್ಟು ಅಗ್ಗ ಯಾಕೆಂದರೆ ನಲ್ಲಿ ಇಲ್ಲ. ಅವನು ಬಳಸುತ್ತಿದ್ದದ್ದು ನೀರಿನಲ್ಲಿ ಕಲಸುವ ಬಣ್ಣ! ನೀರಿನ ಕೆಲಸಕ್ಕೆ ನೀರಿಲ್ಲದ ಕೋಣೆ. ನಮ್ಮ ಕೇರಿಯ ಹೆಂಗಸರಿಗೆ ಇದು ಹೊಸ ಲೆಕ್ಕವಲ್ಲ, ಕೊಡ ಹೊತ್ತು ತರೋದು, ಅಷ್ಟೇ. ಅದೇ ಕಟ್ಟಡದಲ್ಲಿ ರೊಮೇರ್ ಬಿಯರ್ಡನ್ ಅನ್ನುವ ಇನ್ನೊಬ್ಬ ಚಿತ್ರಕಾರ, ಕ್ಲಾಡ್ ಮ್ಯಾಕೇ ಅನ್ನುವ ಕವಿ. ಕವಿಗೂ ಚಿತ್ರಕಾರನಿಗೂ ಒಂದೇ ಮೆಟ್ಟಿಲು. ಹೊಟ್ಟೆಕಿಚ್ಚಾಗುತ್ತದೆ ನನಗೆ.

ಬರೆಯಬೇಕು ಅಂದುಕೊಂಡ ವಿಷಯ, ಕಪ್ಪು ಜನರ ದೊಡ್ಡ ಗುಳೆ. ಮೊದಲನೇ ಮಹಾಯುದ್ಧದ ಹೊತ್ತಿನಿಂದ ಲಕ್ಷಾಂತರ ಜನ ದಕ್ಷಿಣದ ಹತ್ತಿಹೊಲ ಬಿಟ್ಟು, ಹೊಡೆದು ಗಲ್ಲಿಗೇರಿಸುವ ಗುಂಪುಗಳನ್ನು ಬಿಟ್ಟು, ಉತ್ತರದ ಕಾರ್ಖಾನೆ ಊರುಗಳಿಗೆ ರೈಲು ಹತ್ತಿದರು. ಅವನ ಅಪ್ಪ ಅಮ್ಮನೂ ಅದರಲ್ಲಿ ಬಂದವರೇ. ಮನೆ ಕಥೆ, ಕೇಳಿ ಬೆಳೆದದ್ದು, ಹಾಗೇ ಬರೆದುಬಿಡಬಹುದಿತ್ತು. ಬರೆಯಲಿಲ್ಲ. 135ನೇ ಬೀದಿಯ ಲೈಬ್ರರಿಗೆ ಹೋಗಿ ತಿಂಗಳುಗಟ್ಟಲೆ ಓದಿದ. ಸ್ಕೂಲು ಬಿಟ್ಟ ಹುಡುಗ, ನೆನಪಿರಲಿ. ಆಮೇಲೆ ಪ್ರತಿ ಚಿತ್ರದ ಕೆಳಗೆ ಬರುವ ಮಾತುಗಳನ್ನು ಬರೆದ. ಒಂದು ಚಿತ್ರದಲ್ಲಿ ಹಿಡಿಸುವ ಕಥೆಯಲ್ಲ ಅದು, ಅರವತ್ತು ಬೇಕಾಯಿತು.

ಅರವತ್ತು ಹಲಗೆ. ಒಂದೊಂದೂ ಹದಿನೆಂಟು ಇಂಚು ಉದ್ದ, ಹನ್ನೆರಡು ಇಂಚು ಅಗಲದ ಹಾರ್ಡ್‌ಬೋರ್ಡು. ಬೋರ್ಡಿನ ಮೇಲೆ ಬಣ್ಣ ನೇರವಾಗಿ ಕೂರಲ್ಲ. ಅಂಟು ಸೇರಿಸಿದ ಬಿಳಿ ಲೇಪ ಹಚ್ಚಬೇಕು, ಒಣಗಿಸಬೇಕು. ನಮ್ಮಲ್ಲಿ ಗೋಡೆಗೆ ಮೊದಲು ಸುಣ್ಣ ಹೊಡೆದ ಹಾಗೆ. ಅರವತ್ತಕ್ಕೂ ಹಚ್ಚಬೇಕು. ಈ ಕೆಲಸದಲ್ಲಿ ಅವನಿಗೆ ಕೈಜೋಡಿಸಿದವಳು ಗ್ವೆಂಡೊಲಿನ್ ನೈಟ್. ತಾನೂ ಚಿತ್ರ ಬರೆಯುವವಳು, ಅಗಸ್ಟಾ ಸ್ಯಾವೇಜಳ ಶಿಷ್ಯೆ, 1941ರಲ್ಲಿ ಅವನನ್ನು ಮದುವೆಯಾದಳು. ಹಲಗೆಗೆ ಬಿಳಿ ಹಚ್ಚಿದಳು, ಮಾತುಗಳನ್ನು ತಿದ್ದಿಕೊಟ್ಟಳು. ಲಾರೆನ್ಸನ ಹೆಸರು ಎಲ್ಲ ಪುಸ್ತಕಗಳಲ್ಲಿ ಬಂತು. ಗ್ವೆಂಡೊಲಿನ್ ತನ್ನ ಜೀವಮಾನದ ಚಿತ್ರಗಳನ್ನೆಲ್ಲ ಒಟ್ಟಿಗೆ ಒಂದು ಮ್ಯೂಸಿಯಂ ಗೋಡೆಯ ಮೇಲೆ ನೋಡಿದ್ದು 2003ರಲ್ಲಿ, ತೊಂಬತ್ತರ ಅಂಚಿನಲ್ಲಿ. ಹೆಣ್ಣುಮಕ್ಕಳ ಬೆಂಚಿನಿಂದ ಯಾರೋ ನಿಟ್ಟುಸಿರು ಬಿಟ್ಟ ಹಾಗಾಯಿತು. ಗಂಡುಹುಡುಗರು ಅದನ್ನು ಕೇಳಿಸಿಕೊಂಡರೆ ಒಳ್ಳೆಯದು.

ಲೇಪ ಒಣಗಿದ ಮೇಲೆ ಪೆನ್ಸಿಲಿನಲ್ಲಿ ಅರವತ್ತನ್ನೂ ಗೀಚಿಕೊಂಡ. ಆಮೇಲೆ ಬಣ್ಣ. ನಾವಾದರೆ ಏನು ಮಾಡ್ತೀವಿ? ಒಂದನ್ನು ಮುಗಿಸಿ, ಗೋಡೆಗೆ ಒರಗಿಸಿ, ದೂರ ನಿಂತು ನೋಡಿ ಖುಷಿಪಟ್ಟು, ಎರಡನೆಯದಕ್ಕೆ ಹೋಗ್ತೀವಿ. ಅವನು ಹಾಗೆ ಮಾಡಲಿಲ್ಲ. ಹಲಗೆಗಳನ್ನು ಕೋಣೆ ತುಂಬ ಹರಡಿಕೊಂಡ. ಮೊದಲು ಕಪ್ಪು. ಎಲ್ಲೆಲ್ಲಿ ಕಪ್ಪು ಬೇಕೋ ಅರವತ್ತರಲ್ಲೂ ಕಪ್ಪು ಹಚ್ಚಿಕೊಂಡು ಬಂದ. ಆಮೇಲೆ ಅದಕ್ಕಿಂತ ತಿಳಿಯಾದ ಬಣ್ಣ, ಮತ್ತೆ ಅರವತ್ತರಲ್ಲೂ. ಹೀಗೆ ಗಾಢದಿಂದ ತಿಳಿಗೆ. ಹಬ್ಬಕ್ಕೆ ಮುಂಚೆ ಕೆಮ್ಮಣ್ಣು ಕಲಸಿದರೆ ಒಂದೇ ಕಲಸಿನಲ್ಲಿ ಇಡೀ ಮನೆಯ ಪಟ್ಟಿ ಎಳೆದು ಮುಗಿಸ್ತಾಳಲ್ಲ ಅವ್ವ, ನಾಳೆ ಕಲಸಿದರೆ ಬಣ್ಣ ಬೇರೆಯಾಗುತ್ತದೆ ಅಂತ, ಅದೇ ಲೆಕ್ಕ. ಮೂರನೇ ಚಿತ್ರದ ಕೆಂಪು, ನಲವತ್ತೇಳನೇ ಚಿತ್ರದ ಕೆಂಪು ಒಂದೇ ಆಗಿರಬೇಕು. ಅರವತ್ತೂ ಸೇರಿ ಒಂದೇ ಚಿತ್ರ ಅನ್ನಿಸಬೇಕು.

ಇದರ ಕಷ್ಟ ಯೋಚನೆ ಮಾಡಿ. ತಿಂಗಳುಗಟ್ಟಲೆ ಒಂದು ಚಿತ್ರವೂ ಮುಗಿದಿರಲ್ಲ. ಯಾರಾದರೂ ಬಂದು ‘ಎಲ್ಲಿ, ಏನು ಮಾಡಿದೆ ತೋರಿಸು’ ಅಂದರೆ ತೋರಿಸೋದಕ್ಕೆ ಅರವತ್ತು ಅರೆಬರೆ ಹಲಗೆ. ಸ್ಫೂರ್ತಿ ಸ್ಫೂರ್ತಿ ಅಂತ ನಮ್ಮ ಕವಿಗಳು ಬಾಯಿ ಬಡ್ಕೋತಾರೆ. ಈ ಕೋಣೆಯಲ್ಲಿ ಸ್ಫೂರ್ತಿ ಎಷ್ಟು ಹೊತ್ತು ಇದ್ದೀತು? ಉಳಿದದ್ದು ಕೂಲಿ. ಬಗ್ಗಿ ನಾಟಿ ಹಾಕುವ ಹಾಗೆ ಸಾಲು ಸಾಲು. ಆ ಕೆಲಸದ ಮರ್ಯಾದೆ ಗೊತ್ತಿರುವ ಮನೆಗಳಿಂದ ಬಂದವರು ನಾವು.

ಇನ್ನು ಪ್ರದರ್ಶನ. ಅಲೇನ್ ಲಾಕ್ ಅನ್ನುವ ಕಪ್ಪು ವಿದ್ವಾಂಸರು ಈ ಚಿತ್ರಗಳ ವಿಷಯ ನ್ಯೂಯಾರ್ಕಿನ ಡೌನ್‌ಟೌನ್ ಗ್ಯಾಲರಿಯ ಒಡತಿ ಈಡಿತ್ ಹಾಲ್ಪರ್ಟ್‌ಗೆ ಹೇಳಿದರು. 1941ರ ನವೆಂಬರಿನಲ್ಲಿ ಫಾರ್ಚೂನ್ ಅನ್ನುವ ಶ್ರೀಮಂತರ ಪತ್ರಿಕೆ ಇಪ್ಪತ್ತಾರು ಚಿತ್ರಗಳನ್ನು ಅಚ್ಚು ಹಾಕಿತು. ಡಿಸೆಂಬರಿನಲ್ಲಿ ಕಪ್ಪು ಕಲಾವಿದರ ದೊಡ್ಡ ಪ್ರದರ್ಶನ. ಏರ್ಪಾಡು ಏನಿತ್ತೆಂದರೆ, ಆ ಪ್ರದರ್ಶನ ನೋಡಿದ ಮೇಲೆ ನಗರದ ಬೇರೆ ಬೇರೆ ಗ್ಯಾಲರಿಯವರು ಒಬ್ಬೊಬ್ಬ ಕಪ್ಪು ಕಲಾವಿದನನ್ನು ತಮ್ಮವನೆಂದು ತೆಗೆದುಕೊಳ್ಳಬೇಕು. ಡಿಸೆಂಬರ್ 7ಕ್ಕೆ ಪರ್ಲ್ ಹಾರ್ಬರ್ ಮೇಲೆ ಜಪಾನಿನ ಬಾಂಬು ಬಿತ್ತು. 9ಕ್ಕೆ ಪ್ರದರ್ಶನ ತೆರೆಯಿತು. ಉಳಿದ ಗ್ಯಾಲರಿಗಳು ಯುದ್ಧ ಬಂತು ಅಂತ ಜಾರಿಕೊಂಡವು. ಹಾಲ್ಪರ್ಟ್ ಮಾತ್ರ ಲಾರೆನ್ಸನನ್ನು ಇಟ್ಟುಕೊಂಡಳು. ಒಬ್ಬ ಒಳಗೆ ಹೋದ, ಉಳಿದವರು ಹೊಸ್ತಿಲಲ್ಲೇ ನಿಂತರು. ಒಬ್ಬನನ್ನು ಒಳಗೆ ಬಿಟ್ಟು ‘ನೋಡಿ, ಬಾಗಿಲು ತೆರೆದಿದೆ’ ಅನ್ನೋದು ನಮಗೂ ಗೊತ್ತಿರುವ ಆಟ. ಹಾಲ್ಪರ್ಟ್ ಆಟ ಆಡಿದಳು ಅಂತ ನಾನು ಹೇಳಲ್ಲ, ಜಾರಿಕೊಂಡವರ ಮಾತು ಹೇಳ್ತಿದ್ದೀನಿ.

ಲಾರೆನ್ಸ್ ತನ್ನ ಪ್ರದರ್ಶನದ ಆ ದಿನಗಳಲ್ಲಿ ಅಲ್ಲಿರಲೇ ಇಲ್ಲ. ಹೆಂಡತಿಯ ಜೊತೆ ನ್ಯೂ ಆರ್ಲಿಯನ್ಸಿನಲ್ಲಿದ್ದ, ಬಸ್ಸಿನಲ್ಲಿ ಕಪ್ಪು ಜನ ಬೇರೆ ಕೂರಬೇಕಾದ ದಕ್ಷಿಣದಲ್ಲಿ. ಮರುವರ್ಷ ಎರಡು ಮ್ಯೂಸಿಯಂಗಳು ಅರವತ್ತನ್ನೂ ಹಂಚಿಕೊಂಡವು. ಬೆಸ ಸಂಖ್ಯೆಯವು ವಾಷಿಂಗ್‌ಟನ್ನಿನ ಫಿಲಿಪ್ಸ್ ಸಂಗ್ರಹಕ್ಕೆ, ಸಮ ಸಂಖ್ಯೆಯವು ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂಗೆ. ಒಂದೊಂದು ಪಾಲಿಗೆ ಸಾವಿರ ಡಾಲರ್. ಒಂದೇ ಕೆಂಪನ್ನು ಅರವತ್ತಕ್ಕೂ ಹಚ್ಚಿದವನ ಕೆಲಸವನ್ನು ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಂಡ ಹಾಗೆ ಪಾಲು ಮಾಡಿದರು. ಆ ಮೇಲೆ ಚಿತ್ರಗಳು ಊರೂರು ತಿರುಗಿದವು, ಜನ ನೋಡಿದರು. ಅಷ್ಟರಲ್ಲಿ, 1943ರಲ್ಲಿ, ಲಾರೆನ್ಸನನ್ನು ಕರಾವಳಿ ಪಡೆಗೆ ಸೇರಿಸಿಕೊಂಡರು. ಯಾವ ಕೆಲಸಕ್ಕೆ? ಅಧಿಕಾರಿಗಳ ಊಟದ ಮನೆಯಲ್ಲಿ ಬಡಿಸುವ ಆಳಿನ ದರ್ಜೆಗೆ. ಕಪ್ಪು ಜನರನ್ನು ಹಾಕುತ್ತಿದ್ದ ದರ್ಜೆ ಅದು. ಚಿತ್ರ ಮ್ಯೂಸಿಯಂ ಗೋಡೆಯ ಮೇಲೆ, ಬರೆದವನು ತಟ್ಟೆ ಹಿಡಿದುಕೊಂಡು. ಆಮೇಲೆ ಕಪ್ಪು ಬಿಳಿ ಇಬ್ಬರೂ ಸರಿಸಮ ದುಡಿಯುವ ಒಂದು ಹಡಗಿಗೆ ವರ್ಗವಾಗಿ, ಅಲ್ಲಿ ಚಿತ್ರ ಬರೆಯುವ ಕೆಲಸ ಸಿಕ್ಕಿತು. ಅದನ್ನೂ ಹೇಳಬೇಕು.

ಅಗಸ್ಟಾ ಸ್ಯಾವೇಜಳ ಉಳಿದ ಕಥೆ ಇಷ್ಟು ನೆಟ್ಟಗಿಲ್ಲ. ಹಾರ್ಲೆಂ ಸಮುದಾಯ ಕಲಾಕೇಂದ್ರದ ಮೊದಲ ನಿರ್ದೇಶಕಿ ಆಕೆ. 1939ರ ನ್ಯೂಯಾರ್ಕ್ ವಿಶ್ವ ಪ್ರದರ್ಶನಕ್ಕೆ ಒಂದು ಶಿಲ್ಪ ಮಾಡಿಕೊಡಿ ಅಂತ ಕರೆ ಬಂತು. ರಜೆ ಹಾಕಿ ಕೂತು ಮಾಡಿದಳು. ಹದಿನಾರು ಅಡಿ ಎತ್ತರದ ತಂತಿವಾದ್ಯ, ಅದರ ತಂತಿಗಳೆಲ್ಲ ಹಾಡುವ ಕಪ್ಪು ಮಕ್ಕಳು. ಪ್ರದರ್ಶನ ಮುಗಿದ ಮೇಲೆ ಅದನ್ನು ಕಂಚಿಗೆ ಎರಕ ಹೊಯ್ಯಲು ದುಡ್ಡಿಲ್ಲ, ಇಡಲು ಜಾಗವಿಲ್ಲ. ಪ್ಲಾಸ್ಟರಿನ ಶಿಲ್ಪ, ಕೆಡವಿ ಹಾಕಿದರು. ರಜೆ ಹಾಕಿ ಹೋದವಳು ತಿರುಗಿ ಬಂದರೆ ಕೇಂದ್ರದಲ್ಲಿ ಆಕೆಯ ಕುರ್ಚಿಗೆ ಬೇರೆಯವರು ಬಂದಿದ್ದರು. ಅದೇ ವರ್ಷ ಕಪ್ಪು ಕಲಾವಿದರಿಗಾಗಿ ತಾನೇ ಒಂದು ಗ್ಯಾಲರಿ ತೆರೆದಳು. ನೋಡುವವರು ಬಂದರು. ಕೊಳ್ಳುವವರು ಬರಲಿಲ್ಲ, ಬೇಗ ಮುಚ್ಚಿತು. ಆಮೇಲೆ ಊರು ಬಿಟ್ಟು ಹಳ್ಳಿಕಡೆ ಹೋಗಿ ಇದ್ದು, 1962ರಲ್ಲಿ ತೀರಿಕೊಂಡಳು. ಆಕೆ ಮಾಡಿದ್ದರಲ್ಲಿ ಬಹಳಷ್ಟು ಇವತ್ತು ಇಲ್ಲ. ಪ್ಲಾಸ್ಟರು, ಜೇಡಿಮಣ್ಣು, ಒಡೆದುಹೋದವು.

ಕಾಲ ನ್ಯಾಯ ಕೊಡುತ್ತದೆ ಅನ್ನುವವರಿಗೆ ನಾನು ಈ ಹದಿನಾರು ಅಡಿ ತೋರಿಸ್ತೀನಿ. ಕಾಲ ಏನನ್ನೂ ಕೊಡಲಿಲ್ಲ. ಲಾರೆನ್ಸನನ್ನು ಎರಡನೇ ಸಲ ಆ ಆಫೀಸಿಗೆ ಕರೆದುಕೊಂಡು ಹೋದದ್ದು ಕಾಲವಲ್ಲ, ಆ ಹೆಂಗಸು.

ಆದ್ದರಿಂದ ಒಂದು ಕೆಲಸ ಇದೆ, ಇವತ್ತೇ ಆಗಬೇಕು. ಹಿಂದಿನ ಸಾಮಾನು ಕೋಣೆಯಲ್ಲಿ ಮುರಿದ ಮಂಚಗಳಿವೆ. ವಾರ್ಡನ್ನರಿಗೆ ಅರ್ಜಿ ಬರೆದು ಆ ಕೋಣೆ ಕೇಳೋಣ. ಕಿಟಕಿ ಒಂದಿದೆ, ಸಾಕು. ವಾಪಸು ಬಂದ ಆ ಎರಡು ಚಿತ್ರಗಳ ದಾರ ಬಿಚ್ಚಿ ಮೊದಲು ಅಲ್ಲಿ ತೂಗುಹಾಕೋಣ. ನೋಡಿ ಬೈಯುವವರು ಬೈಯಲಿ, ಯಾಕೆ ಬೈತಾರೆ ಅಂತ ಹೇಳಿ ಬೈಯಲಿ. ಮುಂದಿನ ಪ್ರದರ್ಶನಕ್ಕೆ ಅರ್ಜಿ ಹಾಕುವ ದಿನ ಇಬ್ಬರು ಜೊತೆಗೆ ಹೋಗಬೇಕು. ಯಾರು ಹೋಗ್ತೀರಿ ಅಂತ ಸಭೆ ಮುಗಿಯುವ ಮುಂಚೆ ಕೈ ಎತ್ತಿ.

ಆ ಅರವತ್ತು ಚಿತ್ರಗಳ ಅಚ್ಚಿನ ಪುಸ್ತಕ ಇಲ್ಲಿ ತಂದಿದ್ದೀನಿ. ಮೊದಲನೆಯದರಲ್ಲಿ ರೈಲ್ವೆ ಸ್ಟೇಷನ್ನಿನ ಮೂರು ಬಾಗಿಲಿಗೆ ನುಗ್ಗುವ ಜನ, ಕೊನೆಯದರಲ್ಲಿ ಇನ್ನೂ ಪ್ಲಾಟ್‌ಫಾರಂ ಮೇಲೆ ಕಾಯುತ್ತಿರುವ ಜನ. 57ನೆಯದು ಬಟ್ಟೆ ಒಗೆಯುವ ಹೆಂಗಸು, ಉದ್ದನೆ ಕೋಲು ಹಿಡಿದು ನಿಂತಿದ್ದಾಳೆ. ಅದರ ಮಗ್ಗುಲಲ್ಲೇ 58, ಮೂರು ಹುಡುಗಿಯರು ಕಪ್ಪುಹಲಗೆಯ ಮೇಲೆ ಅಂಕಿ ಬರೀತಿದ್ದಾರೆ. ನಮ್ಮ ಕಡೆ ಬೆನ್ನು, ಮುಖ ಕಾಣಲ್ಲ, ಮೇಲೆತ್ತಿದ ಕೈ ಕಾಣ್ತದೆ. ಮ್ಯೂಸಿಯಂ ಲೆಕ್ಕದಲ್ಲಿ ಒಂದು ವಾಷಿಂಗ್‌ಟನ್ನಿನಲ್ಲಿದೆ, ಒಂದು ನ್ಯೂಯಾರ್ಕಿನಲ್ಲಿದೆ. ಪುಸ್ತಕದಲ್ಲಿ ಅಕ್ಕಪಕ್ಕ ಇವೆ. ಹೆಣ್ಣುಮಕ್ಕಳ ಬೆಂಚಿನಿಂದ ಶುರುವಾಗಲಿ, ಒಬ್ಬರಿಂದ ಒಬ್ಬರಿಗೆ ಕೊಡಿ. ಲೈಬ್ರರಿ ಪುಸ್ತಕ, ಕೈ ಒರೆಸಿಕೊಂಡು ಮುಟ್ಟಿ.